ಫ್ರೀಕ್ವೆನ್ಸಿ ಬದಲಾಯ್ಸೋ ಮೊದ್ಲು ಸೆಟ್ ಹಿಡ್ದವರನ್ನ ಒಂದ್ಸಲ ಕೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಓದುಗರ ಪತ್ರದಲ್ಲಿ ಒಬ್ರು ಬರ್ದಿದ್ರು, ಎಲ್ಲರ ಕೈಲೂ ಮೊಬೈಲ್ ಇರೋ ಕಾಲದಲ್ಲಿ ಪೊಲೀಸ್ರಿಗೆ, ಫೈರ್ ಇಂಜಿನ್‌ನೋರಿಗೆ ಇನ್ನೂ ಆ ಕರಕರ ಅನ್ನೋ ವಯರ್‌ಲೆಸ್ ಸೆಟ್ ಯಾಕೆ, ಅದ್ರ ಮೇಲೆ ಫ್ರೀಕ್ವೆನ್ಸಿ ರೂಲ್ ಬದಲಾಯ್ತು ಅಂತ ಆಗಾಗ ಹೊಸ ಸೆಟ್ ತಗೊಳ್ಳೋದು ಕಂಪನಿಯವರ ಹೊಟ್ಟೆ ತುಂಬ್ಸೋಕೆ ಅಷ್ಟೆ ಅಂತ. ಓದಿ ಪೇಪರ್ ಮಡಚಿಟ್ಟು ಕಾಫಿ ಕುಡಿದೆ, ಸಮಾಧಾನ ಆಗ್ಲಿಲ್ಲ. ಮನೆಯವಳು "ಬಿಡಿ, ನಿಮಗ್ಯಾಕೆ ಊರ ಉಸಾಬರಿ" ಅಂದ್ಲು. ಬಿಡೋಕಾಗ್ತಿಲ್ಲ, ಯಾಕಂದ್ರೆ ನಾನು ಅನ್ನ ತಿಂದಿದ್ದೇ ಆ ಕರಕರದಿಂದ.

ಅಮೆರಿಕದಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ಪಶ್ಚಿಮ ಭಾಗ, ಪಿಟ್ಸ್‌ಬರ್ಗ್‌ನಿಂದ ಒಂದೂವರೆ ಗಂಟೆ ದಾರಿ, ಗುಡ್ಡಗಾಡು ಸೀಮೆ, ಅಲ್ಲಿ 20 ವರ್ಷಕ್ಕೂ ಮೇಲೆ ರೇಡಿಯೋ ಟೆಕ್ನಿಷಿಯನ್ ಆಗಿದ್ದೆ. ಅಮೆರಿಕ ಅಂದ ಕೂಡ್ಲೆ ತೀರ್ಥಹಳ್ಳಿ ಕಡೆ ಎಲ್ರೂ ಕೇಳೋದು "ಯಾವ ಸಾಫ್ಟ್‌ವೇರ್ ಕಂಪನಿ ಮಾರಾಯ್ರೆ" ಅಂತ. ನಾನು ಪೊಲೀಸ್ ಕಾರಿನ ಡ್ಯಾಶ್‌ಬೋರ್ಡ್ ಕೆಳಗೆ ಅಂಗಾತ ಮಲಗಿ ವಯರ್ ಎಳೀತಿದ್ದೆ ಅಂದ್ರೆ ನಗ್ತಾರೆ. ನಗ್ಲಿ. ಅಲ್ಲಿ ಫ್ರೀಕ್ವೆನ್ಸಿ ರೂಲ್ ಬದಲಾದಾಗ ಆ ಬದಲಾವಣೆನ ಸ್ಕ್ರೂ ಡ್ರೈವರ್ ಹಿಡ್ಕೊಂಡು ಮಾಡ್ದೋರಲ್ಲಿ ನಾನೂ ಒಬ್ಬ, ಅದ್ರಲ್ಲಿ ಸರಿಹೋಗಿದ್ದೆಷ್ಟು ಕೆಟ್ಟಿದ್ದೆಷ್ಟು ಕಣ್ಣಾರೆ ಕಂಡಿದೀನಿ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ಕತ್ತರಿ ಹಾಕೋದು ನಿಮ್ಗೆ ಬಿಟ್ಟಿದ್ದು.

ಮೊಬೈಲ್ ವಿಷ್ಯ ಮೊದ್ಲು ಮುಗ್ಸಿಬಿಡ್ತೀನಿ. ಮೊಬೈಲ್‌ನಲ್ಲಿ ಒಬ್ಬ ಇನ್ನೊಬ್ಬನ ಹತ್ರ ಮಾತಾಡ್ತಾನೆ. ವಯರ್‌ಲೆಸ್‌ನಲ್ಲಿ ಒಬ್ಬ ಬಟನ್ ಒತ್ತಿ ಮಾತಾಡಿದ್ರೆ ಇಡೀ ತಂಡ ಅದೇ ಕ್ಷಣ ಕೇಳುತ್ತೆ, ನಂಬರ್ ಒತ್ತೋ ಹಾಗಿಲ್ಲ, ರಿಂಗ್ ಆಗೋತನಕ ಕಾಯೋ ಹಾಗಿಲ್ಲ. ಟವರ್ ಇಲ್ದಿದ್ರೂ ಹತ್ತಿರದ ಸೆಟ್‌ನಿಂದ ಸೆಟ್‌ಗೆ ನೇರ ಹೋಗುತ್ತೆ. 2013ರ ಏಪ್ರಿಲ್‌ನಲ್ಲಿ ಬೋಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿದಾಗ ಎಲ್ರೂ ಒಟ್ಟಿಗೆ ಮನೆಗೆ ಫೋನ್ ಮಾಡೋಕೆ ಹೋಗಿ ಮೊಬೈಲ್ ನೆಟ್‌ವರ್ಕ್ ಕಟ್ಟಿಕೊಂಡ್ಬಿಡ್ತು, ಪೊಲೀಸ್ರ ರೇಡಿಯೋ ನಡೀತಿತ್ತು. ಅಷ್ಟು ದೂರ ಯಾಕೆ, ನಮ್ಮ ಕಡೆ ಜುಲೈನಲ್ಲಿ ಮೂರು ದಿನ ಕರೆಂಟ್ ಹೋಗಿ ಟವರ್‌ನ ಡೀಸೆಲ್ ಮುಗಿದ್ರೆ ನಿಮ್ಮ ಸ್ಮಾರ್ಟ್‌ಫೋನ್ ಒಂದು ಟಾರ್ಚ್, ಅಷ್ಟೇ.

ಹಾಗಂತ ರೇಡಿಯೋ ಇದ್ರೆ ಸಾಕು ಅಂತಲೂ ಅಲ್ಲ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್‌ನಲ್ಲಿ ಹೆಲಿಕಾಪ್ಟರ್‌ನಲ್ಲಿದ್ದ ಪೊಲೀಸ್ರು ಕಟ್ಟಡ ಉಳಿಯೋ ಹಾಗೆ ಕಾಣ್ತಿಲ್ಲ ಅಂತ ತಮ್ಮ ರೇಡಿಯೋದಲ್ಲಿ ಹೇಳಿದ್ದು, ಒಳಗೆ ಮೆಟ್ಟಿಲು ಹತ್ತುತ್ತಿದ್ದ ಅಗ್ನಿಶಾಮಕದವರ ಕಿವಿಗೆ ಬೀಳ್ಲಿಲ್ಲ, ಅವ್ರ ರೇಡಿಯೋ ಬೇರೆ ಇವ್ರ ರೇಡಿಯೋ ಬೇರೆ. ಆ ದಿನ 343 ಜನ ಅಗ್ನಿಶಾಮಕದವರು ಸತ್ರು. ಎಲ್ರೂ ರೇಡಿಯೋ ಕೇಳಿಸ್ದೇ ಸತ್ರು ಅಂತ ಹೇಳ್ತಿಲ್ಲ, ಆದ್ರೆ ಆಮೇಲೆ ಆ ದೇಶದಲ್ಲಿ ತುರ್ತು ಸೇವೆಯವರ ರೇಡಿಯೋ ಅನ್ನೋದು ಗುಜರಿ ಸಾಮಾನಿನ ವಿಷ್ಯ ಆಗಿ ಉಳೀಲಿಲ್ಲ.

ಇನ್ನು ಫ್ರೀಕ್ವೆನ್ಸಿ ಯಾಕೆ ಬದಲಾಯ್ಸ್ತಾರೆ ಅನ್ನೋದು. ನಮ್ಮ ಕಡೆ ಲೆಕ್ಕದಲ್ಲೇ ಹೇಳ್ತೀನಿ. ಗದ್ದೆ ಇರೋದು ಇಷ್ಟೇ, ಮನೆ ಮಕ್ಕಳು ಜಾಸ್ತಿ ಆದ್ರು, ಪಾಲು ಕೇಳ್ತಾರೆ, ಹೊಸ ಗದ್ದೆ ಎಲ್ಲಿಂದ ತರ್ತೀರಿ? ಇದ್ದ ಗದ್ದೆಗೇ ನಡುವೆ ಬದು ಹಾಕ್ಬೇಕು. ಅಲ್ಲಿ ಪೊಲೀಸ್ರು, ಅಗ್ನಿಶಾಮಕ, ಆಂಬುಲೆನ್ಸ್, ಸ್ಕೂಲ್ ಬಸ್, ಕಲ್ಲು ಕ್ವಾರಿ, ಟ್ಯಾಕ್ಸಿ ಹೀಗೆ ಹೆಚ್ಚಿನವ್ರು ಬಳಸೋದು 150ರಿಂದ 174 ಮೆಗಾಹರ್ಟ್ಸ್, ಆಮೇಲೆ 421ರಿಂದ 512 ಮೆಗಾಹರ್ಟ್ಸ್. ಒಂದೊಂದು ಚಾನೆಲ್‌ಗೆ 25 ಕಿಲೋಹರ್ಟ್ಸ್ ಅಗಲ ಅಂತ ಇತ್ತು. ಅಲ್ಲಿನ ಎಫ್‌ಸಿಸಿ, ಅಂದ್ರೆ ನಮ್ಮ ದೆಹಲಿಯ ವಯರ್‌ಲೆಸ್ ಪ್ಲಾನಿಂಗ್ ವಿಭಾಗದ ಕೆಲ್ಸ ಮಾಡೋ ಸಂಸ್ಥೆ, ಅದನ್ನ 12.5ಕ್ಕೆ ಇಳ್ಸಿ ಅಂತು. ನ್ಯಾರೋಬ್ಯಾಂಡಿಂಗ್ ಅಂತ ಅದಕ್ಕೆ ಹೆಸ್ರು. ನಾವು ಮಾತಾಡುವಾಗ ಫ್ರೀಕ್ವೆನ್ಸಿ ಆ ಕಡೆ ಈ ಕಡೆ ತೂಗಾಡುತ್ತೆ, ಮೊದ್ಲು 5 ಕಿಲೋಹರ್ಟ್ಸ್‌ವರೆಗೆ ತೂಗಾಡ್ಬಹುದಿತ್ತು, ಈಗ ಎರಡೂವರೆ. ಗದ್ದೆ ಅರ್ಧ ಆದ್ಮೇಲೆ ನೇಗಿಲು ಹಳೇ ಬದುವಿನ ತನಕ ಹೊಡೀತೀನಿ ಅಂದ್ರೆ ಅದು ದಾಯಾದಿ ಗದ್ದೆ.

ಇದು ರಾತ್ರೋರಾತ್ರಿ ಬಂದ ರೂಲ್ ಅಲ್ಲ. 1992ರಲ್ಲಿ ಚರ್ಚೆ ಶುರು, 1995ರಲ್ಲಿ ಮೊದಲ ಆದೇಶ, 1997ರಿಂದ ಹೊಸ ಮಾಡೆಲ್‌ಗೆ ಅನುಮತಿ ಬೇಕಿದ್ರೆ ಅದು 12.5ರಲ್ಲೂ ನಡೀಲೇಬೇಕು ಅಂತ ಆಯ್ತು, ಕೊನೇಗೆ 2004ರ ಡಿಸೆಂಬರ್‌ನಲ್ಲಿ ಗಡುವು ಹಾಕಿದ್ರು, 2013ರ ಜನವರಿ 1. ಅಂದ್ರೆ ಶುರುವಿನಿಂದ ಲೆಕ್ಕ ಹಾಕಿದ್ರೆ 20 ವರ್ಷ. ಅಷ್ಟು ಟೈಮ್ ಕೊಟ್ಟ್ರೂ ನಮ್ಮ ಅಂಗಡಿ ಫೋನ್ ಬಿಡುವಿಲ್ದೆ ಹೊಡ್ಕೊಂಡಿದ್ದು 2012ರ ಆಗಸ್ಟ್‌ನಿಂದ! ಮನುಷ್ಯ ಎಲ್ಲಿದ್ರೂ ಒಂದೇ ನೋಡಿ, ನಮ್ಮಲ್ಲಿ ಕಂದಾಯ ಕಟ್ಟೋಕೆ ಮಾರ್ಚ್ 31ಕ್ಕೆ ಕ್ಯೂ ನಿಲ್ಲಲ್ವಾ, ಹಾಗೆ.

ಕೆಲ್ಸ ಅಂದ್ರೆ ಏನು? ಸೆಟ್ ಸ್ವಲ್ಪ ಹೊಸದಾಗಿದ್ರೆ ಕೇಬಲ್ ಚುಚ್ಚಿ ಕಂಪ್ಯೂಟರಲ್ಲಿ ವೈಡ್ ಅನ್ನೋದನ್ನ ನ್ಯಾರೋ ಮಾಡಿದ್ರೆ ಮುಗೀತು, ಒಂದು ಸೆಟ್‌ಗೆ ಹತ್ತು ನಿಮಿಷ. ಅದಕ್ಕಿಂತ ಹಳೇದಾದ್ರೆ ಅದ್ರ ಸಾಫ್ಟ್‌ವೇರ್ ಡಾಸ್ ಕಾಲದ್ದು, ಹೊಸ ಕಂಪ್ಯೂಟರಲ್ಲಿ ಓಡಲ್ಲ, ಅದಕ್ಕಂತಲೇ ಒಂದು 486 ಕಂಪ್ಯೂಟರ್‌ನ ಮೇಜಿನ ಕೆಳಗೆ ಮುದಿ ಅಜ್ಜನ ಹಾಗೆ ಸಾಕ್ಕೊಂಡಿದ್ದೆ. ಇನ್ನೂ ಹಳೇದಾದ್ರೆ ಸೆಟ್ಟೇ ಎಸೀಬೇಕು. (ಎಸೆದ ಸೆಟ್ಟುಗಳನ್ನ ನಮ್ಮಂಥ ಹ್ಯಾಮ್ ರೇಡಿಯೋದವರು, ಅಂದ್ರೆ ಹವ್ಯಾಸಕ್ಕೆ ರೇಡಿಯೋ ಆಡ್ಸೋರು, ಎತ್ಕೊಂಡು ಹೋಗ್ತಿದ್ವಿ, ಹ್ಯಾಮ್‌ಗೆ ಆ ರೂಲ್ ಇರ್ಲಿಲ್ಲ. ನನ್ನ ಗ್ಯಾರೇಜಲ್ಲಿ ಒಂದು ಕಾಲದಲ್ಲಿ ಕಾರ್ ನಿಲ್ಸೋಕೆ ಜಾಗ ಇರ್ಲಿಲ್ಲ.) ಇದ್ರ ಜೊತೆ ಲೈಸೆನ್ಸ್ ಕಾಗದಾನೂ ಬದಲಾಯ್ಸ್ಬೇಕು, ಅದ್ರಲ್ಲಿ ಚಾನೆಲ್ ಅಗಲ ಹೇಳೋ ಕೋಡ್ 20ಕೆ0ಎಫ್3ಇ ಅಂತ ಇದ್ದಿದ್ದನ್ನ 11ಕೆ2ಎಫ್3ಇ ಅಂತ. ಸೆಟ್ ಬದಲಾಯ್ಸಿ ಕಾಗದ ಮರೆತೋರೂ ಇದ್ರು, ಕಾಗದ ಬದಲಾಯ್ಸಿ ಸೆಟ್ ಮುಟ್ಟದೇ ಇದ್ದೋರೂ ಇದ್ರು. ಎರಡನೇ ಜಾತಿ ಜಾಸ್ತಿ.

ಇಲ್ಲಿ ನಿಮ್ಮ ಓದುಗರ ಮಾತಲ್ಲಿ ಅರ್ಧ ನಿಜ ಇದೆ ಅಂತ ಒಪ್ಕೋತೀನಿ. ರೂಲ್ ಹೇಳಿದ್ದು ನ್ಯಾರೋ ಮಾಡಿ ಅಂತ, ಅಷ್ಟೇ. ಡಿಜಿಟಲ್ ಮಾಡಿ ಅಂತ ಎಲ್ಲೂ ಹೇಳಿರ್ಲಿಲ್ಲ, ಎಫ್‌ಸಿಸಿಯವ್ರೇ ಇದನ್ನ ಸ್ಪಷ್ಟ ಮಾಡಿದ್ರು. ಆದ್ರೆ ಸೇಲ್ಸ್‌ನವರು ಊರೂರು ತಿರುಗಿ ಗಡುವು ಬಂತು, ಡಿಜಿಟಲ್ ತಗೊಳ್ದೇ ಇದ್ರೆ ಲೈಸೆನ್ಸ್ ಹೋಗುತ್ತೆ ಅನ್ನೋ ಹಾಗೆ ಮಾತಾಡ್ತಿದ್ರು, ನೇರ ಸುಳ್ಳು ಹೇಳ್ತಿರ್ಲಿಲ್ಲ, ಕೇಳ್ದೋರು ಹಾಗೆ ತಿಳ್ಕೊಳ್ಳೋ ಹಾಗೆ ಬಿಡ್ತಿದ್ರು. ಹತ್ತು ನಿಮಿಷದ ಪ್ರೋಗ್ರಾಮಿಂಗ್‌ನಲ್ಲಿ ಮುಗೀತಿದ್ದ ಕೆಲ್ಸಕ್ಕೆ ಒಂದೊಂದು ಸೆಟ್‌ಗೆ ಸಾವಿರಾರು ಡಾಲರ್ ಸುರಿದ ಪುಟ್ಟ ಊರುಗಳನ್ನ ನೋಡಿದೀನಿ. ಸುರಿದ್ಮೇಲಾದ್ರೂ ಸುಖ ಸಿಕ್ತಾ ಅಂದ್ರೆ ಅದೂ ಇಲ್ಲ. ಡಿಜಿಟಲ್‌ನಲ್ಲಿ ಮಾತನ್ನ ಒಂದು ಚಿಪ್ ಪುಡಿ ಮಾಡಿ ಕಳ್ಸಿ ಆ ಕಡೆ ಮತ್ತೆ ಜೋಡ್ಸುತ್ತೆ, ಅದಕ್ಕೆ ಗೊತ್ತಿರೋದು ಮನುಷ್ಯನ ದನಿ ಒಂದೇ. ಪಕ್ಕದಲ್ಲಿ ಮರ ಕೊಯ್ಯೋ ಮೆಷಿನ್ನೋ, ಅಗ್ನಿಶಾಮಕದವರ ಸೊಂಟದ ಅಲಾರಮ್ಮೋ ಕಿರುಚ್ತಾ ಇದ್ರೆ ಎಲ್ಲಾ ಕಲಸುಮೇಲೋಗರ. 2008ರಲ್ಲೇ ಅಂತಾರಾಷ್ಟ್ರೀಯ ಅಗ್ನಿಶಾಮಕ ಮುಖ್ಯಸ್ಥರ ಸಂಘ ಇದನ್ನ ಪರೀಕ್ಷೆ ಮಾಡ್ಸಿ ಎಚ್ಚರಿಕೆ ಕೊಟ್ಟಿತ್ತು. ಹಳೇ ಥರದ ಅನಲಾಗ್ ಸೆಟ್ ಆದ್ರೆ ಸಿಗ್ನಲ್ ಕಮ್ಮಿ ಆದಾಗ ಕರಕರ ಜಾಸ್ತಿ ಆಗುತ್ತೆ, ಕರಕರದ ಹಿಂದೆ ಮಾತು ಹೆಕ್ಕಬಹುದು, ಅನುಭವ ಇದ್ದೋರಿಗೆ ಉಸಿರಾಟದಲ್ಲೇ ಗೊತ್ತಾಗುತ್ತೆ ಇವ್ನು ಕಷ್ಟದಲ್ಲಿದಾನೆ ಅಂತ. ಡಿಜಿಟಲ್‌ನಲ್ಲಿ ಮಾತು ಚೆನ್ನಾಗಿ ಬರ್ತಾ ಬರ್ತಾ ಟಕ್ ಅಂತ ನಿಂತ್ಹೋಗುತ್ತೆ. ನಿಮ್ಮ ಪತ್ರದವರಿಗೆ ಬೇಸರ ತಂದ ಆ ಕರಕರ ಇದ್ಯಲ್ಲ, ಅದು ನಮ್ಗೆ ಮಾಹಿತಿ.

ಈಗ ನಾನು ನಿಜವಾಗ್ಲೂ ಹೇಳ್ಬೇಕು ಅಂತಿರೋ ವಿಷ್ಯಕ್ಕೆ ಬರ್ತೀನಿ. ಅಂಗಡಿ ಹೆಸರು, ಊರಿನ ಹೆಸರು ಬೇಡ, ತಪ್ಪಲ್ಲಿ ನನ್ನ ಪಾಲೂ ಇದೆ.

ಆ ಸೀಮೆಯಲ್ಲಿ ಬಹುತೇಕ ಅಗ್ನಿಶಾಮಕದವರು ಸಂಬಳದವರಲ್ಲ, ಊರಿನವ್ರೇ. ಬಡಗಿ, ಗಣಿ ಕೆಲ್ಸದವನು, ಮೇಷ್ಟ್ರು, ದನ ಸಾಕೋನು. ಸೊಂಟದಲ್ಲಿ ಅಥ್ವಾ ಮಂಚದ ಪಕ್ಕ ಒಂದು ಪೇಜರ್ ಇರುತ್ತೆ, ಕಂಟ್ರೋಲ್ ರೂಮ್‌ನಿಂದ ಎರಡು ಟೋನ್ ಬಂದ್ರೆ ಅದು ಕೂಗುತ್ತೆ, ಆಮೇಲೆ ವಿಳಾಸ ಹೇಳ್ತಾರೆ, ಇದ್ದಲ್ಲಿಂದ ಎದ್ದು ಓಡೋದು. ದುಡ್ಡು ಹೇಗೆ ಅಂದ್ರೆ, ನಮ್ಮೂರಲ್ಲಿ ಶಾಲೆ ಕಟ್ಟಡಕ್ಕೆ ಸಹಾಯಾರ್ಥ ಯಕ್ಷಗಾನ ಇಡ್ತಾರಲ್ಲ, ಅಲ್ಲಿ ಮೀನೂಟ ಇಡ್ತಾರೆ, ಬಿಂಗೋ ಆಡಿಸ್ತಾರೆ, ಅದ್ರಲ್ಲಿ ಬಂದ ಹಣದಲ್ಲೇ ಲಾರಿಗೆ ಟೈರು, ರೇಡಿಯೋಗೆ ಬ್ಯಾಟರಿ. ಕೇಂದ್ರ ಸರ್ಕಾರದ ಗ್ರಾಂಟ್ ಅಂತ ಇದೆ, ಅರ್ಜಿ ಬರೆಯೋಕೆ ಬರೋರು ಇರೋ ಊರಿಗೆ ಸಿಗುತ್ತೆ.

2012ರ ಅಕ್ಟೋಬರ್‌ನಲ್ಲಿ ಅಂಥ ಒಂದು ಠಾಣೆದು ನ್ಯಾರೋ ಮಾಡಿ ಕೊಟ್ವಿ. ಲಾರಿಯ ಸೆಟ್ಟು, ಕೈ ಸೆಟ್ಟು, ಬಂದ ಮಾತನ್ನ ಜೋರು ಮಾಡಿ ಮತ್ತೆ ಕಳ್ಸೋ ಬೆಟ್ಟದ ಮೇಲಿನ ರಿಪೀಟರ್ರು ಎಲ್ಲಾ ಪಟ್ಟಿ ಹಿಡಿದು ಒಂದೊಂದಾಗಿ ಟಿಕ್ ಹಾಕಿ ಮಾಡಿದ್ದು ನಾನೇ. ಮೀಟರ್ ಇಟ್ಟು ನೋಡಿದ್ರೆ ಒಂದೊಂದೂ ಕರೆಕ್ಟ್. ಬಿಲ್ ಕೊಟ್ವಿ, ಅವ್ರು ಚೆಕ್ ಕೊಟ್ರು, ಕಡುಬಿನಂಥದ್ದೇನೋ ಮನೆಯಲ್ಲಿ ಮಾಡಿದ್ದು ಒಂದು ಡಬ್ಬಿ ಕಟ್ಟಿಕೊಟ್ರು.

ನವೆಂಬರ್‌ನಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಹೊಳೆ ಪಕ್ಕದ ಕಣಿವೆಯಲ್ಲಿ ಒಂದು ಕೊಟ್ಟಿಗೆಗೆ ಬೆಂಕಿ ಬಿತ್ತು, ಅಟ್ಟದ ತುಂಬ ಒಣಹುಲ್ಲು. ಕಂಟ್ರೋಲ್ ರೂಮ್‌ನವಳು ಟೋನ್ ಹೊಡೆದ್ಲು. ಗುಡ್ಡದ ಮೇಲಿನ ಮನೆಯವರ ಪೇಜರ್ ಕೂಗ್ತು, ಆದ್ರೆ ಕೆಲವರಿಗೆ ಆಮೇಲೆ ಬಂದ ವಿಳಾಸ ಪಿಸುಮಾತು, ಕಿವಿಗೆ ಇಟ್ಕೊಂಡ್ರೂ ಅರ್ಥ ಆಗ್ಲಿಲ್ಲ. ಕೊಟ್ಟಿಗೆ ಪಕ್ಕದಲ್ಲೇ ಕಣಿವೆಯಲ್ಲಿ ಇದ್ದೋರು, ಮೊದ್ಲು ಬರ್ಬೇಕಾದ ನಾಲ್ಕು ಜನ, ಅವ್ರ ಪೇಜರ್ ಕೂಗ್ಲೇ ಇಲ್ಲ. ಅವ್ರು ಎದ್ದಿದ್ದು ಆಕಾಶ ಕೆಂಪಾಗಿದ್ದು ನೋಡಿ ನಾಯಿ ಬೊಗಳಿದ್ದಕ್ಕೆ. ದನಗಳನ್ನ ಹೊರಗೆ ಅಟ್ಟಿದ್ರು, ಮನುಷ್ಯರಿಗೆ ಏನೂ ಆಗ್ಲಿಲ್ಲ, ಕೊಟ್ಟಿಗೆ ಉಳೀಲಿಲ್ಲ.

ಏನಾಗಿತ್ತು ಅಂದ್ರೆ, ಆ ಪೇಜರ್‌ಗಳು ಠಾಣೆಯ ಪಟ್ಟಿಯಲ್ಲೇ ಇರ್ಲಿಲ್ಲ. ಒಂದೊಂದು ಪೇಜರ್‌ಗೆ 400–500 ಡಾಲರ್, ಕೆಲವರು ತಾವೇ ಸೆಕೆಂಡ್ ಹ್ಯಾಂಡ್ ತಗೊಂಡಿದ್ರು, ಒಬ್ಬನದ್ದು ಅವನಪ್ಪಂದು. ಅವೆಲ್ಲ ಹಳೇ ವೈಡ್ ಪೇಜರ್. ಕಳ್ಸೋನು ಅರ್ಧ ತೂಗಾಡಿಸ್ತಾನೆ, ಕೇಳೋ ಪೇಜರ್ ಪೂರ್ತಿ ತೂಗಾಟ ಬರುತ್ತೆ ಅಂತ ಕಾಯ್ತಿರುತ್ತೆ, ಹಾಗಾಗಿ ದನಿ ಅರ್ಧಕ್ಕೆ ಇಳಿಯುತ್ತೆ. ಸಿಗ್ನಲ್ ಮೊದ್ಲೇ ನೀರುನೀರಾಗಿದ್ದ ಕಣಿವೆಯಲ್ಲಿ ಅದೂ ಇಲ್ಲ. ಉಲ್ಟಾ ಆದ್ರೆ ಇನ್ನೊಂದು ಥರ, ಕಳ್ಸೋನು ವೈಡು, ಕೇಳೋನು ನ್ಯಾರೋ ಆದ್ರೆ ಜೋರಾಗಿ ಮಾತಾಡಿದಷ್ಟೂ ಒಡೆದು ಒಡೆದು ಬರುತ್ತೆ, ಗಾಬರೀಲಿ ಕಿರುಚಿದ್ರೆ ಮಾತೇ ಕಟ್. ಪಕ್ಕದ ಊರಿನವ್ರು ಸಹಾಯಕ್ಕೆ ಬಂದಾಗ ಆಗ್ತಿದ್ದಿದ್ದು ಅದೇ, ಅವ್ರು ಇನ್ನೂ ಬದಲಾಯ್ಸಿರ್ಲಿಲ್ಲ. ಇಂಥದ್ದು ಒಂದೇ ದಿನ ಒಟ್ಟಿಗೆ ಆಗ್ಬೇಕು, ತಾಲ್ಲೂಕಿಗೆ ತಾಲ್ಲೂಕೇ. ನಮ್ಮ ಅಂಗಡಿಗೂ ಗೊತ್ತಿತ್ತು, ಠಾಣೆಯವರಿಗೂ ಹೇಳಿದ್ವಿ, ಆದ್ರೆ ಅವನಪ್ಪನ ಪೇಜರ್ ಬಗ್ಗೆ ಯಾರೂ ಕೇಳ್ಲಿಲ್ಲ. ಪಟ್ಟಿಯಲ್ಲಿ ಇದ್ದಿದ್ದಕ್ಕೆಲ್ಲ ಟಿಕ್ ಹಾಕಿದೆ ಅಂತ ನಾನು ಹಾಯಾಗಿ ಮಲಗಿದ್ದೆ.

ಆ ಠಾಣೆಯ ಚೀಫ್ ಒಬ್ರು ಸ್ಕೂಲ್ ಬಸ್ ಡ್ರೈವರು, 60 ದಾಟಿದವ್ರು, ಜಾಸ್ತಿ ಮಾತಿಲ್ಲ. ಜಗಳ ಆಡ್ಲಿಲ್ಲ. ಮಾರನೇ ಶನಿವಾರ ಒಂದು ನೋಟ್‌ಬುಕ್ ಹಿಡ್ಕೊಂಡು ಅಂಗಡಿಗೆ ಬಂದು, ನೀನು ಠಾಣೆಯಲ್ಲಿ ಕೂತು ಒಂದರಿಂದ ಹತ್ತು ಎಣಿಸು, ನಾನು ಬಸ್ ರೂಟ್ ಹಿಡಿದು ಹೋಗ್ತೀನಿ ಅಂದ್ರು. ಪ್ರತಿ ತಿರುವು, ಪ್ರತಿ ಸೇತುವೆ, ಪ್ರತಿ ಒಂಟಿ ಮನೆ ಎದುರು ನಿಂತು ಕೇಳಿ ಬರ್ಕೊಂಡ್ರು. 40 ಜಾಗ. 29 ಕಡೆ ಸರಿ ಅಂತ ಗೆರೆ, 11 ಕಡೆ ಏನೂ ಇಲ್ಲ. ಈ 11ನ್ನ ನಮ್ಮ ಮ್ಯಾನೇಜರ್ ಮುಂದೆ ಇಟ್ಟಾಗ ಅವನು ಕೇಳಿದ ಪ್ರಶ್ನೆ ನಂಗೆ ಇವತ್ತಿಗೂ ಕಿವೀಲಿದೆ, "ಈ ಜಾಗಗಳಲ್ಲಿ ಮೊದ್ಲಾದ್ರೂ ಕೇಳಿಸ್ತಿತ್ತು ಅನ್ನೋದಕ್ಕೆ ಏನು ಸಾಕ್ಷಿ?"

ಸಾಕ್ಷಿ ಇರ್ಲಿಲ್ಲ. ಯಾರ ಹತ್ರಾನೂ ಇರ್ಲಿಲ್ಲ. ಬದಲಾಯ್ಸೋ ಮೊದ್ಲು ಯಾರೂ ನಿಂತು ಕೇಳಿರ್ಲಿಲ್ಲ. ಚೀಫ್‌ಗೆ ಗೊತ್ತು ಕೇಳಿಸ್ತಿತ್ತು ಅಂತ, ಆ ಕಣಿವೆಯಲ್ಲಿ ಅವ್ರು ಮೂವತ್ತು ವರ್ಷ ಬೆಂಕಿ ಆರ್ಸಿದ್ರು, ಆದ್ರೆ ಅದು ನೋಟ್‌ಬುಕ್ಕಲ್ಲಿ ಇರ್ಲಿಲ್ಲ. ಚಾನೆಲ್ ಕಿರಿದು ಮಾಡಿದ್ರೆ ರೇಂಜಿನ ಅಂಚು ಸ್ವಲ್ಪ ಒಳಗೆ ಸರಿಯುತ್ತೆ, ಇದು ರೇಡಿಯೋದವರಿಗೆ ಎಲ್ರಿಗೂ ಗೊತ್ತಿರೋ ವಿಷ್ಯ. ಬಯಲುಸೀಮೇಲಿ ಅದು ಗೊತ್ತಾಗಲ್ಲ. ಗುಡ್ಡದಲ್ಲಿ ಆ 'ಸ್ವಲ್ಪ' ಅನ್ನೋದ್ರಲ್ಲಿ ನಾಲ್ಕು ಮನೆ ಇರುತ್ತೆ. ಕೊನೇಗೆ ಊರಿನ ನೀರಿನ ಟ್ಯಾಂಕ್ ಮೇಲೆ ಇನ್ನೊಂದು ರಿಸೀವರ್ ಕೂರ್ಸಿ, ಬೆಟ್ಟದ ಆಂಟೆನಾ ಎತ್ತರ ಮಾಡಿ, ಪೇಜರ್ ಬದಲಾಯ್ಸಿ, ಎರಡು ಸಲ ಮೀನೂಟ ಹಾಕಿದ ದುಡ್ಡು ಅದಕ್ಕೇ ಹೋಯ್ತು. 11ರಲ್ಲಿ 7 ಸರಿಹೋಯ್ತು. ನಾಲ್ಕು ಹಾಗೇ ಉಳೀತು, ನಾನು ವಾಪಸ್ ಬರೋವಾಗ್ಲೂ ಹಾಗೇ ಇತ್ತು.

ಆ ಮಟ್ಟಿಗೆ ಆ ಗುಡ್ಡದ ಊರಿನವ್ರು ಅದೃಷ್ಟವಂತರು ಅನ್ನಿ. ಪಿಟ್ಸ್‌ಬರ್ಗ್ ಕಡೆಯವರದ್ದು ಇನ್ನೊಂದು ಕತೆ. 470ರಿಂದ 512 ಮೆಗಾಹರ್ಟ್ಸ್ ಒಳಗೆ ಟಿ-ಬ್ಯಾಂಡ್ ಅಂತ ಇದೆ, ನ್ಯೂಯಾರ್ಕ್, ಬೋಸ್ಟನ್, ಲಾಸ್ ಏಂಜಲೀಸ್, ಪಿಟ್ಸ್‌ಬರ್ಗ್ ಹೀಗೆ 11 ದೊಡ್ಡ ನಗರ ಪ್ರದೇಶದ ಪೊಲೀಸ್ರು ಅದನ್ನ ಬಳಸ್ತಾರೆ. ಅವ್ರಿಗೂ ಅದೇ ಗಡುವು, ಅವ್ರೂ ಖರ್ಚು ಮಾಡ್ತಿದ್ರು. 2012ರ ಫೆಬ್ರವರಿಯಲ್ಲಿ ಪಾರ್ಲಿಮೆಂಟು ಒಂದು ಕಾನೂನು ಮಾಡಿ ಈ ಬ್ಯಾಂಡೇ ವಾಪಸ್ ಕೊಡ್ಬೇಕು, 2021ರಲ್ಲಿ ಹರಾಜು ಅಂತು. ಏಪ್ರಿಲ್‌ನಲ್ಲಿ ಎಫ್‌ಸಿಸಿಯವ್ರು ಹಾಗಾದ್ರೆ ನಿಮ್ಗೆ ನ್ಯಾರೋ ಗಡುವು ಬೇಡ ಬಿಡಿ ಅಂದ್ರು. ಅಷ್ಟರೊಳಗೆ ಖರ್ಚು ಮಾಡಿದವರು ಬಾಯಿ ಬಾಯಿ ಬಿಟ್ಟ್ರು. ಆಮೇಲೆ ಎಂಟು ವರ್ಷ, ಬಿಟ್ಟು ಹೋಗ್ಬೇಕಾದ ಬಾಡಿಗೆ ಮನೆಗೆ ಯಾರು ಸುಣ್ಣ ಹೊಡೀತಾರೆ, ಹಾಗೆ ಕೂತಿದ್ರು. 2020ರ ಡಿಸೆಂಬರ್‌ನಲ್ಲಿ ಆ ಕಾನೂನೇ ರದ್ದಾಯ್ತು, ಇಲ್ಲೇ ಇರಿ ಅಂದ್ರು! ರೂಲ್ ಮಾಡೋರ ಮನಸ್ಸು ಎರಡು ಸಲ ಬದಲಾಯ್ತು, ಗೋಪುರದ ಮೇಲಿನ ಆಂಟೆನಾ ಅಲ್ಲೇ ಇತ್ತು.

800 ಮೆಗಾಹರ್ಟ್ಸ್ ಗಲಾಟೆ ಇನ್ನೂ ದೊಡ್ಡದು. ನೆಕ್ಸ್‌ಟೆಲ್ ಅನ್ನೋ ಮೊಬೈಲ್ ಕಂಪನಿ ಟ್ಯಾಕ್ಸಿಯವರ, ಲಾರಿಯವರ ಚಾನೆಲ್‌ಗಳನ್ನ ಕೊಂಡ್ಕೊಂಡು ಸೆಲ್ ಟವರ್ ಹಾಕ್ತು, ಆ ಚಾನೆಲ್‌ಗಳು ಪೊಲೀಸ್ ಚಾನೆಲ್‌ಗಳ ಮಧ್ಯೆ ಮಧ್ಯೆ ಸಿಕ್ಕಾಕ್ಕೊಂಡಿದ್ವು. ಪೊಲೀಸ್ ಕಾರು ಅವ್ರ ಟವರ್ ಹತ್ರ ಹೋದ್ರೆ ಕಂಟ್ರೋಲ್ ರೂಮ್ ಕೇಳಿಸ್ತಿರ್ಲಿಲ್ಲ, ಮದ್ವೆ ಮನೆಯ ಸ್ಪೀಕರ್ ಪಕ್ಕ ನಿಂತು ಗುಟ್ಟು ಮಾತಾಡ್ದ ಹಾಗೆ. 2004ರಲ್ಲಿ ಎಫ್‌ಸಿಸಿ ಎಲ್ರನ್ನೂ ಬೇರೆ ಬೇರೆ ಜಾಗಕ್ಕೆ ಸರ್ಸಿ, ಖರ್ಚು ನೆಕ್ಸ್‌ಟೆಲ್ಲೇ ಕೊಡ್ಲಿ ಅಂತು. 2005ರಲ್ಲಿ ಶುರು ಮಾಡುವಾಗ 36 ತಿಂಗಳು ಅಂದಿದ್ರು. ಫೈಲ್ ಮುಚ್ಚಿದ್ದು 2021ರಲ್ಲಿ. ಆದ್ರೂ ಒಂದು ಮಾತು ಮೆಚ್ಚಬೇಕು, ತೊಂದ್ರೆ ಕೊಟ್ಟವನೇ ದುಡ್ಡು ಕಟ್ಟಿದ. ನ್ಯಾರೋಬ್ಯಾಂಡಿಂಗ್‌ನಲ್ಲಿ ಮೀನೂಟದ ದುಡ್ಡು ಹೋಯ್ತಲ್ಲ, ಅಲ್ಲಿ ಹಾಗೆ ಕೊಡೋಕೆ ಯಾರೂ ಇರ್ಲಿಲ್ಲ.

ಇಷ್ಟೆಲ್ಲ ನಮ್ಗ್ಯಾಕೆ ಅಂತೀರಾ. ನಮ್ಮಲ್ಲೂ ಬದಲಾವಣೆ ಬರೋದಿದೆ ಸ್ವಾಮಿ. 2018ರ ಜೂನ್‌ನಲ್ಲೇ ಟ್ರಾಯ್‌ನವರು, ಅಂದ್ರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದವರು, ಪೊಲೀಸ್, ವಿಪತ್ತು ನಿರ್ವಹಣೆಯವರಿಗೆಲ್ಲ ದೇಶಕ್ಕೇ ಒಂದು ಬ್ರಾಡ್‌ಬ್ಯಾಂಡ್ ನೆಟ್‌ವರ್ಕ್ ಬೇಕು, ಅದಕ್ಕೆ 814ರಿಂದ 824 ಮತ್ತು 859ರಿಂದ 869 ಮೆಗಾಹರ್ಟ್ಸ್ ಇಡಿ ಅಂತ ಶಿಫಾರಸು ಮಾಡಿದಾರೆ. 1885ರ ಟೆಲಿಗ್ರಾಫ್ ಕಾನೂನು, 1933ರ ವಯರ್‌ಲೆಸ್ ಕಾನೂನು ಎರಡರ ಜಾಗಕ್ಕೂ 2023ರ ದೂರಸಂಪರ್ಕ ಕಾಯ್ದೆ ಬಂದಿದೆ, ಯಾರಿಗಾದ್ರೂ ಕೊಟ್ಟ ತರಂಗಾಂತರವನ್ನ ಮರುಹಂಚಿಕೆ ಮಾಡೋ ಅಧಿಕಾರ ಅದ್ರಲ್ಲಿ ಕೇಂದ್ರಕ್ಕಿದೆ. ನಾನು ಇದಕ್ಕೆ ವಿರೋಧ ಅಲ್ಲ. ಬೆಂಗಳೂರಲ್ಲಿ ಕಂಟ್ರೋಲ್ ರೂಮ್‌ಗೆ ಸ್ಥಳದಿಂದ ವಿಡಿಯೋ ಬರ್ಲಿ, ಮ್ಯಾಪ್ ಮೇಲೆ ಪ್ರತಿ ಗಾಡಿ ಕಾಣ್ಲಿ, ಒಳ್ಳೇದೇ.

ಆದ್ರೆ 800ರ ಅಲೆ ನಮ್ಮ ಒದ್ದೆ ಕಾಡಿನಲ್ಲಿ 150ರ ಅಲೆ ಹೋದ ಹಾಗೆ ಹೋಗಲ್ಲ. ಎಲೆ, ಎಲೆ ಮೇಲಿನ ನೀರು ಅದನ್ನ ಕುಡ್ದುಬಿಡುತ್ತೆ, ಗುಡ್ಡದ ಬೆನ್ನು ದಾಟಿ ಬಗ್ಗೋದೂ ಕಮ್ಮಿ. 800ರಲ್ಲಿ ಮಲೆನಾಡು ಪೂರ್ತಿ ತುಂಬ್ಸೋಕೆ ಎಷ್ಟು ಟವರ್ ಬೇಕು ಅಂತ ದೆಹಲಿಯಲ್ಲಿ ಕಂಪ್ಯೂಟರ್ ಮ್ಯಾಪ್ ನೋಡಿ ಹೇಳ್ಬಹುದು, ಆ ಮ್ಯಾಪಲ್ಲಿ ಜುಲೈ ತಿಂಗಳು ಇರಲ್ಲ. ಅಮೆರಿಕದಲ್ಲೂ ಎಷ್ಟೋ ಗುಡ್ಡಗಾಡು ಊರುಗಳು ಹೊಸ ಬ್ಯಾಂಡ್ ಬಂದ್ರೂ ಹಳೇ ವಿಎಚ್‌ಎಫ್, ಅಂದ್ರೆ ಆ 150ರ ಅಲೆ, ಬಿಟ್ಟಿಲ್ಲ, ಹಟಕ್ಕಲ್ಲ, ಕೇಳ್ಸುತ್ತೆ ಅಂತ. ನಾಗರಹೊಳೆ, ಬಂಡೀಪುರದ ಕಳ್ಳಬೇಟೆ ತಡೆ ಶಿಬಿರದಲ್ಲಿ ರಾತ್ರಿ ಇರೋ ಅರಣ್ಯ ವೀಕ್ಷಕನಿಗೆ ಆನೆ ಎದುರಾದ್ರೆ ವಿಡಿಯೋ ಕಳ್ಸೋ ಕೆಲ್ಸ ಇರಲ್ಲ, ಒಂದು ಮಾತು ಆ ಕಡೆ ತಲುಪಿದ್ರೆ ಸಾಕು.

ಹಾಗಾಗಿ ನನ್ನ ಬೇಡಿಕೆ ಒಂದೇ. ಯಾವ ಇಲಾಖೆ ಆಗ್ಲಿ, ಸೆಟ್ಟೋ ಫ್ರೀಕ್ವೆನ್ಸಿಯೋ ಬದಲಾಯ್ಸೋ ಮೊದ್ಲು, ಟೆಂಡರ್‌ಗೂ ಮೊದ್ಲು, ಈಗ ಇರೋ ಹಳೇ ಸೆಟ್ಟಲ್ಲಿ ಎಲ್ಲೆಲ್ಲಿ ಕೇಳ್ಸುತ್ತೆ ಎಲ್ಲೆಲ್ಲಿ ಇಲ್ಲ ಅಂತ ಠಾಣೆಠಾಣೆಗೂ ಬರೆದಿಡ್ಲಿ. ಮಳೆಗಾಲದಲ್ಲಿ, ಎಂಜಿನಿಯರ್ ಅಲ್ಲ, ದಿನಾ ಆ ಸೆಟ್ ಹಿಡ್ಕೊಂಡು ಓಡಾಡೋ ಕಾನ್‌ಸ್ಟೇಬಲ್ಲು, ಫೈರ್‌ಮ್ಯಾನು, ಅರಣ್ಯ ವೀಕ್ಷಕ ನಿಂತು ಕೇಳಿ ಬರೀಲಿ. ಹೊಸದು ಬಂದ್ಮೇಲೆ ಅದೇ ಜಾಗ, ಅದೇ ಮಳೆ, ಅದೇ ಮನುಷ್ಯ ನಿಂತು ಮತ್ತೆ ಕೇಳ್ಲಿ, ಹಳೇ ಪುಸ್ತಕಕ್ಕೆ ಹೊಸ ಪುಸ್ತಕ ತಾಳೆ ಆಗೋತನಕ ಕಂಪನಿಗೆ ಕೊನೇ ಕಂತು ಬಿಡುಗಡೆ ಮಾಡ್ಬಾರ್ದು. ಇದಕ್ಕೆ ಕೋಟಿ ಬೇಡ. ಒಂದು ಜೀಪು, ಒಂದು ನೋಟ್‌ಬುಕ್ಕು, ಎರಡು ವಾರ. ಆಗುಂಬೆ ಘಾಟಿಯ 14 ತಿರುವಿಗೂ ನಿಂತು ಕೇಳೋಕೆ ಯಾರೂ ಸಿಗ್ಲಿಲ್ಲ ಅಂದ್ರೆ ನನ್ನನ್ನ ಕರೀರಿ, ಕೊಡೆ ನಂದೇ ತರ್ತೀನಿ.

ನಿಮ್ಮ ವರದಿಗಾರರಿಗೂ ಒಂದು ಮಾತು, ತಪ್ಪು ತಿಳೀಬೇಡಿ. ಹೊಸ ವಯರ್‌ಲೆಸ್ ಬಂತು ಅಂತ ಸುದ್ದಿ ಮಾಡುವಾಗ ಎಷ್ಟು ಕೋಟಿ, ಎಷ್ಟು ಸೆಟ್, ಯಾವ ಮಂತ್ರಿ ಉದ್ಘಾಟನೆ ಇಷ್ಟೇ ಬರುತ್ತೆ. ಮೊದ್ಲು ಕೇಳಿಸ್ತಿದ್ದ ಯಾವ ಜಾಗದಲ್ಲಿ ಈಗ ಕೇಳ್ಸಲ್ಲ ಅಂತ ಒಂದು ಪ್ರಶ್ನೆ ಕೇಳಿ ನೋಡಿ, ಮುಖ ನೋಡಿದ್ರೆ ಗೊತ್ತಾಗುತ್ತೆ ಪುಸ್ತಕ ಇದ್ಯೋ ಇಲ್ವೋ ಅಂತ.

ಇಂತಿ,
ನಿವೃತ್ತ ರೇಡಿಯೋ ಟೆಕ್ನಿಷಿಯನ್, ತೀರ್ಥಹಳ್ಳಿ ತಾಲ್ಲೂಕು

ವಿ.ಸೂ: ನಮ್ಮ ಪಕ್ಕದ ತೋಟದವರ ಮಗ ಅಡಿಕೆ ಕೊನೆ ಕೊಯ್ಲಿಗೆ ಅನುಕೂಲ ಅಂತ ಆನ್‌ಲೈನಲ್ಲಿ ಅಗ್ಗದ ವಾಕಿಟಾಕಿ ಜೋಡಿ ತರ್ಸಿದಾನೆ, ಸೊಂಟಕ್ಕೆ ಸಿಗಿಸ್ಕೊಂಡು ಜಂಬದಿಂದ ಓಡಾಡ್ತಾನೆ. ನೋಡಿದ್ರೆ ಅದು 136ರಿಂದ 174ರವರೆಗೆ ಎಲ್ಲಿ ಬೇಕಾದ್ರೂ ಕೂಗುತ್ತೆ, ಅಂದ್ರೆ ಪೊಲೀಸ್ ಚಾನೆಲ್ ಮೇಲೂ. ಲೈಸೆನ್ಸ್ ಇಲ್ದೆ ಬಳಸೋಕೆ ನಮ್ಮಲ್ಲಿ ಬಿಟ್ಟಿರೋದು 446.0ರಿಂದ 446.2 ಮೆಗಾಹರ್ಟ್ಸ್‌ನ ಕಮ್ಮಿ ಪವರಿನ ಸೆಟ್ ಮಾತ್ರ, 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದ್ರ ಬಗ್ಗೆ ಆನ್‌ಲೈನ್ ಅಂಗಡಿಗಳಿಗೆ ಮಾರ್ಗಸೂಚಿ ಕೂಡ ಕೊಟ್ಟಿದೆ. ಹೇಳಿದ್ದಕ್ಕೆ "ಅಂಕಲ್, ಯಾರಿಗೆ ಗೊತ್ತಾಗುತ್ತೆ" ಅಂದ. ನೀವು ಇದನ್ನ ಅಚ್ಚು ಹಾಕಿದ್ರೆ ಪೇಪರ್ ತಗೊಂಡು ಹೋಗಿ ಅವನಪ್ಪನಿಗೆ ತೋರಿಸ್ತೀನಿ.